ದಂಡನಾಯಕ ಉಳಿದ ಬಗೆ

ನಾನು ಕಾದಂಬರಿ ಬರೆಯಲು ಕೂತದ್ದು ನಿವೃತ್ತಿಯಾದ ಮೇಲೆ. ಸೇಡಂನ ಮಕ್ಕಳಿಗೆ ಇತಿಹಾಸ ಕಲಿಸಿ ಕಲಿಸಿ, ಮಳಖೇಡ ಕೋಟೆಯ ರಾಜರೆಲ್ಲ ನನ್ನ ತಲೆಯಲ್ಲೇ ಬಿಡಾರ ಹೂಡಿದ್ದರು. ಕತೆ ಇಷ್ಟೇ: ರಾಣಿಗೊಬ್ಬಳು ಸಖಿ. ಹರೆಯದಲ್ಲಿ ಅವಳನ್ನು ಪ್ರೀತಿಸಿದ್ದ ದಂಡನಾಯಕ ತಲೆ ನರೆತ ಮೇಲೆ ಕೋಟೆಗೆ ಮರಳುತ್ತಾನೆ. ಅಷ್ಟರಲ್ಲಿ ಯುವರಾಜನಿಗೆ ವಿಷವಿಕ್ಕುವ ಸಂಚು ನಡೆದಿರುತ್ತದೆ. ಇಬ್ಬರೂ ಸೇರಿ ಅದನ್ನು ಮುರಿಯುತ್ತಾರೆ. ಅಲ್ಲಿಯವರೆಗೆ ಬರವಣಿಗೆ ಸರಾಗವಾಗಿ ಓಡಿತು. ಆಮೇಲೆ ಅವರನ್ನು ಏನು ಮಾಡಬೇಕೆಂದು ತಿಳಿಯದೆ ನಾನು ದಂಡನಾಯಕನನ್ನು ಕೊಂದುಬಿಡುತ್ತಿದ್ದೆ. ಒಮ್ಮೆ ಬಾಣದಿಂದ, ಇನ್ನೊಮ್ಮೆ ಕಾಗಿಣಾ ನದಿಯ ಪ್ರವಾಹದಲ್ಲಿ.

ಇದನ್ನೆಲ್ಲ ಕೇಳುತ್ತಿದ್ದವರು ಒಬ್ಬರೇ. ಚಿತ್ತಾಪುರದಲ್ಲಿ ನನ್ನ ಜೊತೆ ಹೈಸ್ಕೂಲು ಓದಿದವರು. ಆಗ ಅವರೆಂದರೆ ನನಗೆ ಜೀವ. ಮನೆಯಲ್ಲಿ ಗೊತ್ತಾಗಿ ಅಪ್ಪ ನನ್ನನ್ನು ಸೇಡಂಗೆ ಮದುವೆ ಮಾಡಿಕೊಟ್ಟರು. ಗಂಡ ಒಳ್ಳೆಯವರೇ, ಬೇಗ ಹೋಗಿಬಿಟ್ಟರು. ಇವರು ಗೂಡ್ಸ್ ಗಾಡಿಯ ಗಾರ್ಡ್ ಆಗಿ ವಾಡಿಯಲ್ಲಿ ನೆಲೆಸಿದರು, ಹೆಂಡತಿಯನ್ನು ಕಳೆದುಕೊಂಡರು. ಈಗ ಭಾನುವಾರ ಬಂದರೆ ರೈಲು ಹತ್ತಿ ಬಂದು, ನಮ್ಮ ಮನೆ ಮುಂದಿನ ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಕೂತು, ಚಹಾ ಕುಡಿಯುತ್ತ ಹೊಸ ಅಧ್ಯಾಯ ಕೇಳುತ್ತಿದ್ದರು.

ಒಂದು ಭಾನುವಾರ, ಲಗ್ನ ಆಗೋಣವೇ ಎಂದು ಕೇಳಿಯೇಬಿಟ್ಟರು. ಮೂಗಿನ ತುದಿಯಲ್ಲೇ ಇರುವ ನನ್ನ ಸಿಟ್ಟು ಕೂಡ ಅಂದು ಸಹಾಯಕ್ಕೆ ಬರಲಿಲ್ಲ, ಕೈಲಿದ್ದ ಅಧ್ಯಾಯದ ಹಾಳೆಗಳನ್ನು ಮತ್ತೆ ಮತ್ತೆ ಜೋಡಿಸತೊಡಗಿದೆ. ಅವರೇ ನಕ್ಕರು.

"ಈಗೇ ಹೇಳಬ್ಯಾಡ್ರಿ. ಆ ದಂಡನಾಯಕ ಉಳದ್ರ ನೀವು ಹೂಂ ಅಂದ್ರಿ ಅಂತ ತಿಳಕೋತೀನಿ. ಸತ್ರ, ಚಹಾ ಕುಡದು ಗಾಡಿ ಹತ್ತತೀನಿ."

ಆಮೇಲೆ ಅವನನ್ನು ಕೊಲ್ಲಲು ಮನಸ್ಸಾಗಲಿಲ್ಲ, ಉಳಿಸಲು ಧೈರ್ಯ ಸಾಲಲಿಲ್ಲ. ಈ ವಯಸ್ಸಿನಲ್ಲಿ ಇದೇನು ಎಂದು ಜನ ನಕ್ಕಾರೆಂಬ ಹೆದರಿಕೆ. ಆಸೆಯೂ ಅಷ್ಟೇ ಇತ್ತು, ಮುಚ್ಚಿಡುವುದೇಕೆ?

ಕುರಕುಂಟಾದಲ್ಲಿರುವ ನನ್ನ ಅಕ್ಕನ ಮುಂದೆ ನನ್ನ ಕಾದಂಬರಿಯ ಸಂಚುಗಾರರೆಲ್ಲ ಕೂಸುಗಳು. ಎಳ್ಳಮಾವಾಸ್ಯೆಗೆ ಹೊಲದ ಊಟಕ್ಕೆ ನನ್ನನ್ನು ಕರೆದಳು. ಭಾನುವಾರದ ಚಹಾದ ಸುದ್ದಿ ಅವಳಿಗೂ ಮುಟ್ಟಿತ್ತು, ನನಗೆ ಹೇಳದೆ ವಾಡಿಯಿಂದ ಅವರನ್ನೂ ಕರೆದಿದ್ದಳು. ನಾನು ಹೋದಾಗ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಜ್ಜೆ ರೊಟ್ಟಿಯ ಬುಟ್ಟಿ, ಕಾಳು-ಸೊಪ್ಪು ಬೇಯಿಸಿದ ಭಜ್ಜಿಯ ಗಡಿಗೆಗಳ ನಡುವೆ ಕೂತಿದ್ದರು. ಅಕ್ಕನತ್ತ ಕಣ್ಣು ಕೆಕ್ಕರಿಸಿದೆ. ಅವಳು ರೊಟ್ಟಿಯ ಮೇಲಿನ ಬಟ್ಟೆ ಸರಿಮಾಡುತ್ತಿದ್ದಳು.

ಊಟಕ್ಕೆ ಮೊದಲು ಭೂಮಿತಾಯಿಗೆ ಚರಗ ಚೆಲ್ಲಬೇಕು. ಒಬ್ಬರು ಕೂಗುತ್ತ ಹೊಲದ ಸುತ್ತ ತುತ್ತು ಎಸೆಯುತ್ತ ಹೋದರೆ, ಇನ್ನೊಬ್ಬರು ಹಿಂದಿನಿಂದ ತಂಬಿಗೆಯ ನೀರು ಚಿಮುಕಿಸುತ್ತ ಕೂಗಿಗೆ ಕೂಗು ಕೊಡಬೇಕು. ಆ ಹೊಲದಲ್ಲಿ ಇದು ಯಾವಾಗಲೂ ಅಕ್ಕ ಮತ್ತು ಅವಳ ಗಂಡ, ಅಂದರೆ ನಮ್ಮ ಮಾಮಾ, ಇವರಿಬ್ಬರ ಕೆಲಸ.

"ನನ್ನ ಮೊಣಕಾಲು ಹಿಡದಾವ, ನಿಮ್ಮ ಮಾಮಾಂದು ನಡ ಹಿಡದದ. ನೀವಿಬ್ರೂ ಹೋಗಿ ಬರ್ರಿ," ಎಂದು ಅಕ್ಕ ನನ್ನ ಕೈಗೆ ಬುಟ್ಟಿ, ಅವರ ಕೈಗೆ ತಂಬಿಗೆ ಕೊಟ್ಟಳು. ಸೊಂಟ ಹಿಡಿದಿದ್ದ ಮಾಮಾ ಆಗ ಮರ ಹತ್ತಿ ಜೋಕಾಲಿ ಕಟ್ಟುತ್ತಿದ್ದರು.

ಹೊರಟೆವು. ಹಿಂದೆ ಬರಬೇಕಾದವರು ನಾಲ್ಕು ಹೆಜ್ಜೆಗೇ ನನ್ನ ಪಕ್ಕಕ್ಕೆ ಬಂದು ನೀರು ಚಿಮುಕಿಸತೊಡಗಿದರು. ಒಡ್ಡಿನ ಮೇಲೆ ಕೂತಿದ್ದ ಪಕ್ಕದ ಹೊಲದ ಮುದುಕಿ ಕೂಗಿದಳು: "ಯಪ್ಪಾ, ನೀರು ಹಿಂದ ಬರಬೇಕೋ!"

"ಜಲ್ಮ ಪೂರಾ ಗಾಡಿ ಹಿಂದಿನ ಡಬ್ಬಿನಾಗೇ ಕುಂತೀನಿ ಯವ್ವಾ. ಇವತ್ತರ ಜೋಡಿ ನಡೀಲಿಕ್ಕ ಬಿಡ್ರಿ!"

ಇಡೀ ಹೊಲ ನಕ್ಕಿತು. ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಎಲ್ಲರಿಗಿಂತ ಹೆಚ್ಚು ನಕ್ಕಳು. ನಾನು ಇಷ್ಟು ದಿನ ಹೆದರಿದ್ದು ಈ ನಗುವಿಗೇ. ಕೇಳಿದರೆ ಹಿತವಾಗಿತ್ತು, ನನಗೂ ನಗು ಬಂತು.

ಸುತ್ತು ಮುಗಿಯುವ ಹೊತ್ತಿಗೆ ಅವರು ಖಾಲಿ ತಂಬಿಗೆ ಹಿಡಿದು ಮೆಲ್ಲಗೆ ಕೇಳಿದರು: "ದಂಡನಾಯಕ ಏನಾದ್ರಿ?"

"ಉಳದಾನ. ಮುಂದಿನ ಐತಾರ ಬರೋಮುಂದ ಅವನ ಬಟ್ಟೆಬರೆ ಸುದ್ದಾ ತರ್ರಿ," ಎಂದೆ.