ಪೀನಾಳ ಊಟಕ್ಕೆ ಲೀನೊನ ಅಂಗಿ

ನಮ್ಮೂರಿನ ಹಳೆಯ ಸಿನಿಮಾ ಮಂದಿರದ ಚಾವಣಿಯನ್ನು ಒಂದು ಚಂಡಮಾರುತ ಎತ್ತಿಕೊಂಡು ಹೋಗಿ ಕಬ್ಬಿನ ಗದ್ದೆಯಲ್ಲಿ ಮಲಗಿಸಿತು. ಆಮೇಲೆ ಯಾರೋ ಪುಣ್ಯಾತ್ಮರು ಆ ಕಟ್ಟಡ ಕೊಂಡು, ಗಾಜಿನ ಮಾಡು ಹಾಕಿಸಿ, ಒಳಗೆ ಮರ ನೆಟ್ಟು, ನಮ್ಮ ಉತ್ತರ ಕ್ವೀನ್ಸ್‌ಲ್ಯಾಂಡಿನ ಕಾಡಿನದೇ ಪ್ರಾಣಿಪಕ್ಷಿಗಳನ್ನಿಟ್ಟು ಪುಟ್ಟ ಮೃಗಾಲಯ ಮಾಡಿದರು. ಪರದೆಯಿದ್ದಲ್ಲಿ ಈಗ ಮೊಸಳೆಯಿದೆ. ಹಿಂದಿನ ನಟರಿಗಿಂತ ಅದರ ಅಭಿನಯ ಕಡಿಮೆ, ಸಂಯಮ ಹೆಚ್ಚು. ಬಾಲ್ಕನಿಯಲ್ಲಿ ಬಾವಲಿಗಳು ತಲೆಕೆಳಗಾಗಿ ನೇತಾಡುತ್ತವೆ. ಅದೇ ಬಾಲ್ಕನಿಯಲ್ಲಿ ನಮ್ಮ ವಯಸ್ಸಿನವರು ಏನೇನು ಮಾಡುತ್ತಿದ್ದರೆಂದು ಕಾನ್ವೆಂಟಿನ ಸಿಸ್ಟರುಗಳಿಗೆ ಕೊನೆಗೂ ಗೊತ್ತಾಗಲಿಲ್ಲ, ಸದ್ಯ.

ವಾರದಲ್ಲಿ ಕೆಲವು ದಿನ ನಾನು ಅಲ್ಲಿ ಟಿಕೆಟ್ ಹರಿಯುತ್ತೇನೆ. ಹಾಗಾಗಿ ಲೀನೊ ಬೊನೆಟ್ಟಿಯ ಸಂಗತಿ ನನ್ನ ಕಣ್ಣೆದುರಿಗೇ ನಡೆಯಿತು.

ಲೀನೊ ಸಕ್ಕರೆ ಕಾರ್ಖಾನೆಯ ಕಬ್ಬಿನ ರೈಲು ಓಡಿಸಿ ನಿವೃತ್ತನಾದವನು. ಇಡೀ ಆಯುಷ್ಯ ಗದ್ದೆಗೂ ಗಿರಣಿಗೂ ನಡುವೆ, ಹಿಂದೆ ಕಬ್ಬು, ಮುಂದೆ ಕತ್ತಲೆ, ಪಕ್ಕದಲ್ಲಿ ಯಾರೂ ಇಲ್ಲ. ಮದುವೆಯಾಗಲಿಲ್ಲ. ಯಾಕೋ ಅಂತ ಕೇಳಿದರೆ, “ರೈಲಿಗೆ ಎರಡು ಹಳಿ ಬೇಕು, ನನಗೆ ಒಂದೇ ಸಾಕು” ಎನ್ನುತ್ತಿದ್ದ. ತಮಾಷೆ ಎಂದುಕೊಂಡು ನಾವು ನಗುತ್ತಿದ್ದೆವು.

ರಸ್ತೆಯಲ್ಲಿ ಪ್ರಾಣಿ ಸತ್ತು ಬಿದ್ದಿದ್ದರೆ ಗಾಡಿ ನಿಲ್ಲಿಸಿ, ಅದರ ಹೊಟ್ಟೆಯ ಚೀಲಕ್ಕೆ ಕೈಹಾಕಿ, ಒಳಗೆ ಮರಿ ಬದುಕಿದೆಯೇ ಎಂದು ನೋಡುವುದು ನಮ್ಮ ಕಡೆಯ ಮರ್ಯಾದೆ. ನೋಡದೆ ಹೋದವನ ಜೊತೆ ಯಾರೂ ಕೂತು ಬಿಯರ್ ಕುಡಿಯುವುದಿಲ್ಲ. ಹಾಗೆ ಘಟ್ಟದ ತಿರುವಿನಲ್ಲಿ ಲೀನೊ ಕೈಹಾಕಿದಾಗ ಸಿಕ್ಕಿದ್ದು ಮರ ಕಾಂಗರೂವಿನ ಹೆಣ್ಣುಮರಿ. ಮರ ಹತ್ತಿ ಎಲೆ ತಿಂದು ಬಾಳುವ ಜಾತಿ. ಅಜ್ಜಿಯ ನೆನಪಿಗೆಂದು ಅದಕ್ಕೆ ಪೀನಾ ಎಂದು ಹೆಸರಿಟ್ಟ. ಹೆಸರು ಮಾತ್ರ ಪೀನ, ಮೈಯಲ್ಲಿ ಹಿಡಿ ಮಾಂಸವಿರಲಿಲ್ಲ. ಕಾಡುಪ್ರಾಣಿಗಳ ಆರೈಕೆ ಬಳಗದವರಿಂದ ಪರವಾನಗಿ ಪಡೆದು, ದಿಂಬಿನ ಚೀಲದಲ್ಲಿಟ್ಟು, ಆ ಚೀಲವನ್ನು ಅಂಗಿಯೊಳಗೆ ಕಟ್ಟಿಕೊಂಡು ಸಾಕಿದ. ಭಾನುವಾರ ಚರ್ಚಿನ ಪೂಜೆಗೂ ಹಾಗೇ ಬಂದ. “ಲೀನೊ, ಎಷ್ಟನೇ ತಿಂಗಳೋ?” ಎಂದು ಗಂಡಸರು ಕಿಚಾಯಿಸಿದರು. ಅವನು ಹೊಟ್ಟೆ ನೀವಿಕೊಂಡ.

ಮರಿ ಬೆಳೆದಾಗ ತಿಳಿಯಿತು, ಅದಕ್ಕೆ ಕಣ್ಣು ಕಾಣಿಸುತ್ತಿರಲಿಲ್ಲ. ಕುರುಡು ಪ್ರಾಣಿಯನ್ನು ಕಾಡಿಗೆ ಬಿಡುವಂತಿಲ್ಲ. ಕಾಡಿನ ಪ್ರಾಣಿಯನ್ನು ಮನೆಯಲ್ಲಿಟ್ಟುಕೊಳ್ಳುವಂತೆಯೂ ಇಲ್ಲ. ಪೀನಾ ನಮ್ಮ ಮೃಗಾಲಯಕ್ಕೆ ಬಂದಳು. ಜೊತೆಗೆ ಲೀನೊನೂ ಬಂದ ಹಾಗಾಯಿತು. ದಿನಾ ಬೆಳಿಗ್ಗೆ ಹಿತ್ತಲಿನಿಂದ ಎಲೆಯ ಕೊಂಬೆ ಕಡಿದು ತಂದು, ಹಿಂಬಾಗಿಲಿನಿಂದ ಒಳಹೊಕ್ಕು, ತನ್ನ ಕೈಯಾರೆ ತಿನ್ನಿಸಿ, ಆಮೇಲೆ ಮಧ್ಯಾಹ್ನದವರೆಗೆ ಅವಳೆದುರು ಕೂತಿರುತ್ತಿದ್ದ.

“ದಿನಾ ಬರ್ತೀಯಲ್ಲ, ನಿನ್ ಮುಖ ನೋಡಿ ಮೊಸಳೆಗೂ ಬೇಜಾರಾಗಿದೆ” ಎಂದೆ ಒಮ್ಮೆ.

“ಮನೇಲಿ ಕನ್ನಡಿಗೂ ಬೇಜಾರಾಗಿದೆ. ಇಲ್ಲಾದ್ರೆ ಒಬ್ಬಳಿಗೆ ನನ್ ಮುಖಾನೇ ಕಾಣಲ್ಲ. ಅದೇ ಸುಖ” ಎಂದ.

ಕಳೆದ ಮಳೆಗಾಲ ಹೊಳೆಯುಕ್ಕಿ ಸೇತುವೆ ಮುಳುಗಿತು. ಲೀನೊ ಆ ದಡದಲ್ಲಿ ಸಿಕ್ಕಿಕೊಂಡ. ನೀರಿಳಿಯುವವರೆಗೆ ಪೀನಾ ಒಂದೆಲೆ ಮುಟ್ಟಲಿಲ್ಲ. ಅವಳನ್ನು ನೋಡಿಕೊಳ್ಳುವವಳು ನೆರೀಡಾ ಅಹ್ಮತ್, ಟೊರೆಸ್ ಜಲಸಂಧಿಯ ದ್ವೀಪದವರ ಮಗಳು, ಗಟ್ಟಿ ದನಿಯ ಹೆಂಗಸು. ಹಿರಿಯರೆಲ್ಲ ಅವಳಿಗೆ ಅಂಕಲ್, ಆಂಟಿ.

“ಲೀನೊ ಅಂಕಲ್, ನೀವು ಬರದಿದ್ರೆ ಇವಳು ಎಲೆ ಮೂಸಿ ಕೂಡ ನೋಡಲ್ಲ.”

“ನನ್ ಕೈರುಚಿ ಹಾಗಿದೆ ತಾಯಿ.”

“ರುಚಿ ಅಲ್ಲ, ರಗಳೆ. ಇನ್ನೆರಡು ದಿನ ಆಗಿದ್ರೆ ಸತ್ತೇ ಹೋಗ್ತಿದ್ಲು.”

ಲೀನೊ ತಲೆಯಾಡಿಸಿದ. ಆದರೆ ಬೈಸಿಕೊಂಡವನ ಮುಖ ಅದಾಗಿರಲಿಲ್ಲ. ಅವನಿಲ್ಲದೆ ಊಟ ಬಿಡುವ ಜೀವ ಈ ಭೂಮಿಯ ಮೇಲೆ ಅದೊಂದೇ ಇತ್ತು.

ಮಳೆ ನಿಂತ ಮೇಲೆ ವೈದ್ಯರು ಅವನ ಹೃದಯದ ಕವಾಟ ಕೆಟ್ಟಿದೆ ಎಂದರು. ಇಷ್ಟು ವರ್ಷ ಯಾರಿಗೂ ತೆರೆಯದ ಕವಾಟ, ತುಕ್ಕು ಹಿಡಿಯದೆ ಇನ್ನೇನಾದೀತು ಎಂದು ನಾನು ನಗಿಸಲು ನೋಡಿದೆ. ಲೀನೊ ನಗಲಿಲ್ಲ. ದೂರದ ಟೌನ್ಸ್‌ವಿಲ್ ಆಸ್ಪತ್ರೆಗೆ ಹೋಗಬೇಕು, ಎದೆ ಸೀಳಿಸಿಕೊಳ್ಳಬೇಕು, ವಾರಗಟ್ಟಲೆ ಅಲ್ಲೇ ಇರಬೇಕು. ತಿರುಗಿ ಬರುವುದೂ ಖಾತ್ರಿಯಿಲ್ಲ. ಅಷ್ಟರೊಳಗೆ ಪೀನಾ ಬೇರೆಯವರ ಕೈಯಿಂದ ತಿನ್ನುವುದನ್ನು ಕಲಿಯಬೇಕಿತ್ತು.

ದಾರಿ ತೋರಿಸಿದವನು ಅವನೇ. ಮರಿಯನ್ನು ಒಬ್ಬರ ಮಡಿಲಿನಿಂದ ಇನ್ನೊಬ್ಬರಿಗೆ ದಾಟಿಸುವಾಗ ನಮ್ಮ ಕಡೆ ಸಾಕಿದವರ ಒಗೆಯದ ಅಂಗಿಯನ್ನೂ ಜೊತೆಗೆ ಕೊಡುತ್ತಾರೆ. ಲೀನೊ ತನ್ನ ಬೆವರಂಗಿ ಬಿಚ್ಚಿ ನೆರೀಡಾಳ ಕೈಗಿತ್ತ.

“ಅಯ್ಯೋ ಅಂಕಲ್, ಇದು ಪೀನಾಗೆ ಊಟ ಮಾಡಿಸುತ್ತೋ, ನನಗೆ ಊಟ ಬಿಡಿಸುತ್ತೋ?”

“ಹಾಕ್ಕೋ ಮಾರಾಯ್ತಿ. ಗಿರಣಿಗೆ ಕಬ್ಬು ಸಾಗಿಸಿದ ಬೆವರು, ಸಿಹಿಯಾಗಿರುತ್ತೆ.”

ಆ ಅಂಗಿ ತೊಟ್ಟು ನೆರೀಡಾ ಎಲೆ ಹಿಡಿದಳು. ಪೀನಾ ಬಹಳ ಹೊತ್ತು ಅವಳ ತೋಳು ಮೂಸಿ, ಅನುಮಾನದಿಂದಲೇ ಕಚ್ಚಿದಳು. ಆಮೇಲಿನದು ತಾಳ್ಮೆಯ ಕೆಲಸ. ಅಂಗಿಯನ್ನು ಒಂದು ದಿನ ಬರೀ ನೀರಿನಲ್ಲಿ ಜಾಲಿಸುವುದು, ಇನ್ನೊಂದು ದಿನ ಸೋಪು ಹಾಕಿ ಹಿಂಡುವುದು, ಬಿಸಿಲಿಗೆ ಹಾಕುವುದು. ಹೀಗೆ ಲೀನೊನ ವಾಸನೆಯನ್ನು ಸ್ವಲ್ಪಸ್ವಲ್ಪವೇ ತೊಳೆದು ತೆಗೆಯುವುದು. ಅವನು ಮಾತ್ರ ಕಟಕಟೆಯಾಚೆ, ಗಾಳಿ ತನ್ನ ಕಡೆಯಿಂದ ಬೀಸದ ಮೂಲೆಯಲ್ಲಿ, ಉಸಿರೆತ್ತದೆ ನಿಂತು ನೋಡಬಹುದಿತ್ತು. ಅವನ ದನಿ ಕೇಳಿದರೆ ಎಲ್ಲ ಕೆಟ್ಟಂತೆ.

ಅಂಗಿಯ ಬಣ್ಣ ಬಿಳಚಿಕೊಳ್ಳುವವರೆಗೂ ಸುಮ್ಮನೇ ಇದ್ದ. ಅಷ್ಟರಲ್ಲಿ ದಕ್ಷಿಣದ ಮೆಲ್ಬರ್ನ್ ಕಡೆಯವನೊಬ್ಬ ಸಂಸಾರ ಸಮೇತ ಬಂದು ಬೆರಳು ತೋರಿಸಿ, “ನೋಡ್ರೋ, ಮರದ ಮೇಲೆ ಕರಡಿ!” ಎಂದ. ನಮ್ಮವರು ಬಿಸಿಲು ತಡೆಯುತ್ತಾರೆ, ಜಿಗಣೆ ತಡೆಯುತ್ತಾರೆ, ದಕ್ಷಿಣದವರ ಇಂಥ ಜ್ಞಾನ ಮಾತ್ರ ತಡೆಯಲಾರರು.

“ಕರಡಿಯಂತೆ ಕರಡಿ! ಮರ ಕಾಂಗರೂ ಕಣಯ್ಯಾ ಅದು! ಅಷ್ಟುದ್ದ ಬಾಲ ಕಾಣಲ್ವಾ ನಿಂಗೆ?” ಎಂದು ಲೀನೊ ಗುಡುಗಿದ.

ಕೊಂಬೆಯ ಮೇಲೆ ಅಗಿಯುತ್ತಿದ್ದ ಬಾಯಿ ನಿಂತಿತು. ಪೀನಾ ಕಿವಿ ತಿರುಗಿಸಿ, ಹಿಮ್ಮುಖವಾಗಿ ಕಾಂಡದಿಂದ ಜಾರಿ, ತಡವರಿಸುತ್ತ ನೆಲಕ್ಕೆ ಬಂದು ಕಟಕಟೆಗೆ ಮೂತಿಯಿಟ್ಟಳು. ಬಾಗಿಲು ಮುಚ್ಚುವ ಹೊತ್ತಾದರೂ ಕದಲಲಿಲ್ಲ. ನೆರೀಡಾ ಹಿಡಿದ ಎಲೆ ಬಾಡಿತು.

“ನಿಮ್ ಬಾಯಿಗೆ ಪ್ಲಾಸ್ಟರ್ ಹಾಕ್ಲಾ ಅಂಕಲ್?”

“ಅವನು ಕರಡಿ ಅಂದ.”

“ಆನೆ ಅನ್ಲಿ. ನಿಮಗೇನು?”

“ನೋಡಿದ್ಯಾ ನೆರೀಡಾ, ದನಿ ಕೇಳಿದ್ದೇ ತಡ, ಇಳಿದು ಬಂದ್ಲು.” ಅವನ ಕಣ್ಣು ಹೊಳೆಯುತ್ತಿತ್ತು. “ಹೇಗೆ ಬಂದ್ಲು ನೋಡು.”

“ನೋಡ್ದೆ. ಟೌನ್ಸ್‌ವಿಲ್ಲಿಂದ ಕೂಗ್ತೀರಾ?”

ಲೀನೊ ಮೈಮೇಲಿದ್ದ ಅಂಗಿಯ ಗುಂಡಿ ಬಿಚ್ಚತೊಡಗಿದ. ಹಸಿ ಬೆವರಿನ ಅಂಗಿಯಿಂದ ಎಲ್ಲ ಮತ್ತೆ ಮೊದಲಿನಿಂದ ಶುರುವಾಗಬೇಕಿತ್ತು. ಬನಿಯನ್ನಿನಲ್ಲೇ ಮನೆಗೆ ನಡೆದುಹೋದ.

ಈ ಸಲ ಅವನು ಕಟಕಟೆಯ ಹತ್ತಿರವೂ ಸುಳಿಯಲಿಲ್ಲ. ಬೆಳಿಗ್ಗೆ ಹಿಂಬಾಗಿಲ ಬಳಿ ಸೊಪ್ಪಿನ ಹೊರೆ ಇಟ್ಟು, ಕೌಂಟರಿನ ಪಕ್ಕದ ಬೆಂಚಿನಲ್ಲಿ ಕೂತು ನೆರೀಡಾ ಹೊರಗೆ ಬರುವುದನ್ನು ಕಾಯುತ್ತಿದ್ದ. ಆಮೇಲೆ ಹೊರೆಯ ಕೆಲಸವನ್ನೂ ಅವಳಿಗೇ ಬಿಟ್ಟ, ಎಲೆಯಲ್ಲೂ ತನ್ನ ಕೈಯ ವಾಸನೆ ಉಳಿದೀತೆಂದು. ಒಂದು ಬೆಳಿಗ್ಗೆ ನೆರೀಡಾ ಮೃಗಾಲಯದ ಹಸಿರು ಸಮವಸ್ತ್ರದಲ್ಲೇ ಒಳಗೆ ಹೋಗಿ ಬಂದಳು. ಲೀನೊನ ಅಂಗಿ ಮಡಿಚಿದ್ದು ಮಡಿಚಿದಂತೆ ಕೌಂಟರಿನ ಮೇಲಿತ್ತು.

“ತಿಂದ್ಲಾ?”

“ತಿಂದ್ಲು ಅಂಕಲ್.”

“ಪೂರ್ತಿ?”

“ತೊಟ್ಟು ಕೂಡ ಬಿಡ್ಲಿಲ್ಲ. ಇನ್ನೂ ಬೇಕು ಅಂತ ನನ್ ಜೇಬಿಗೆ ಕೈ ಹಾಕಿದ್ಲು, ಕಳ್ಳಿ.” ನೆರೀಡಾ ನಗಲು ಹೋದವಳು ಅವನ ಮುಖ ನೋಡಿ ನಿಲ್ಲಿಸಿದಳು.

“ಒಳ್ಳೇದಾಯ್ತು. ಒಳ್ಳೇದಾಯ್ತು ಬಿಡು” ಎಂದ ಲೀನೊ.

ಮರುದಿನ ಟೌನ್ಸ್‌ವಿಲ್ ಬಸ್ಸಿಗೆ ಇನ್ನೂ ಹೊತ್ತಿತ್ತು. ಪೆಟ್ಟಿಗೆ ಹಿಡಿದು ಮುಂಬಾಗಿಲಿನಿಂದ ಬಂದ. ಹಿಂದೆ ಪ್ರವಾಸಿಗರ ಸಾಲಿತ್ತು. ಗಡಿಬಿಡಿಯಲ್ಲಿ ನಾನು ಮುಖವೆತ್ತದೆ, “ಎಷ್ಟು ಜನ?” ಎಂದೆ.

“ಒಬ್ಬನೇ” ಎಂದಿತು ಪರಿಚಯದ ದನಿ.

ಟಿಕೆಟ್ ಬೇಡ ಹೋಗೋ ಎಂದರೆ ಕೇಳಲಿಲ್ಲ. ಉಳಿದವರ ಜೊತೆ ಒಳಗೆ ಹೋದ. ಕೌಂಟರಿನ ಕಿಟಕಿಯಿಂದ ನನಗೆ ಅವನ ಬೆನ್ನು ಕಾಣುತ್ತಿತ್ತು. ಎಲ್ಲರಿಗಿಂತ ಹಿಂದೆ, ದೂರದಲ್ಲಿ, ಕೈಕಟ್ಟಿ ನಿಂತಿದ್ದ. ಯಾರೋ ಪೀನಾಳನ್ನು ತೋರಿಸಿ ಮಂಗ ಎಂದರು. ಲೀನೊ ಬಾಯಿ ಬಿಡಲಿಲ್ಲ. ಪೀನಾ ಮೇಲಿನ ಕೊಂಬೆಯಲ್ಲಿ ಕೂತು ನೆರೀಡಾಳ ಕೈಯಿಂದ ಎಲೆ ತಿನ್ನುತ್ತಿದ್ದಳು, ಕಿವಿ ಇತ್ತ ತಿರುಗಲಿಲ್ಲ.