ಅಪ್ಪನ ದನಿ ಹುಡುಕಿಕೊಟ್ಟ ಅಕ್ಕೋರು

ಕಂಪ್ಯೂಟರ್ ಚಾಲೂ ಆಗುವಷ್ಟು ಹೊತ್ತು ಅಕ್ಕೋರು ಕಣ್ಣು ಮುಚ್ಚಿ, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕೂಡುತ್ತಿದ್ದರು. ಒಳಗಿನ ಫ್ಯಾನಿನ ಗುಂಯ್‌ಗುಟ್ಟುವಿಕೆಗೆ ಅವರ ಗಾಜಿನ ಬಳೆಗಳೂ ಸಣ್ಣಗೆ ನಡುಗುತ್ತಿದ್ದವು. ಸವಣೂರಿನಲ್ಲಿ ವೀಳ್ಯದ ಎಲೆತೋಟದ ಮಗ್ಗುಲಿಗೇ ಅವರ ಕಂಪ್ಯೂಟರ್ ಕ್ಲಾಸು. ಮಧ್ಯಾಹ್ನ ಅಲ್ಲಿಗೆ ಕಾಲಿಟ್ಟರೆ ಹಸಿರು ನೆರಳು, ತಣ್ಣನೆಯ ಗಾಳಿ. ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ನಾನು ಹಾನಗಲ್ಲಿನಲ್ಲಿ ಡಿಟಿಪಿ ಅಂಗಡಿ ಇಟ್ಟವನು; ಕೆಲಸ ಕಲಿತದ್ದು ಅವರ ಬಳಿ. ಒಂದು ಸಲ ಅವರನ್ನು ಕೇಳದೆ, ವಿಂಡೋಸ್ ಇದ್ದ ನನ್ನ ಯಂತ್ರದಲ್ಲೇ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆಯನ್ನೂ ಹಾಕಿಕೊಂಡೆ. ಚಾಲೂ ಮಾಡುವಾಗ ಬೇಕಾದ್ದನ್ನು ಆರಿಸಿಕೊಂಡರಾಯಿತು. ಲಿನಕ್ಸಿನಿಂದ ವಿಂಡೋಸಿನ ಭಾಗ ತೆರೆಯಹೋದಾಗ ಎಚ್ಚರಿಕೆ ಬಂತು. ಲೆಕ್ಕಿಸದೆ ತೆರೆದು ಫೈಲುಗಳನ್ನು ಅತ್ತಿತ್ತ ಸರಿಸಿದೆ. ಮರುದಿನ ವಿಂಡೋಸಿಗೆ ಮರಳಿದರೆ, ತೀರಿಕೊಂಡ ಅಪ್ಪ ಹಾಡಿದ್ದ ಭಜನೆಪದಗಳ ಫೋಲ್ಡರ್ ಖಾಲಿ. ಅವನ ದನಿ ಬೇರೆಲ್ಲೂ ಇರಲಿಲ್ಲ.

ಕಂಪ್ಯೂಟರ್ ಪೆಟ್ಟಿಗೆಯನ್ನು ಅವ್ವನ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಸವಣೂರಿನ ಬಸ್ಸು ಹತ್ತಿದೆ.

“ವಿಂಡೋಸ್ ಪೂರ್ತಿ ಬಂದ್ ಮಾಡಿದ್ದೇನೋ ತಮ್ಮಾ?” ಅಕ್ಕೋರು ಕೇಳಿದರು.

“ಹೂನ್ರಿ, ಸ್ಕ್ರೀನ್ ಕರ್ರಗಾಗಿತ್ರಿ.”

“ಅದು ಬಂದ್ ಆಗಿದ್ದಿಲ್ಲ, ಮಲಗಿತ್ತು. ಎಲ್ಲೆಲ್ಲಿ ಏನೈತಿ ಅಂತ ನೆನಪಿಟ್ಕೊಂಡ ಮಲಗಿತ್ತು. ನಡುವ ಹೋಗಿ ನೀ ಸಾಮಾನ ಸರಿಸಿಬಿಟ್ಟಿ. ಎದ್ದ ಮ್ಯಾಲೆ ಅದು ತನ್ನ ಹಳೇ ನೆನಪ ಖರೇ ಅಂತು. ಈಗ ಏನೂ ಒತ್ತಬ್ಯಾಡ.”

ಬಯ್ಯಲಿಲ್ಲ. ಇಡೀ ಡಿಸ್ಕಿನ ನಕಲು ತೆಗೆಯಲಿಕ್ಕೇ ಸಂಜೆಯಾಯಿತು. ಮೂಲವನ್ನು ಮುಟ್ಟದೆ, ಆ ನಕಲಿನಲ್ಲೇ ಹುಡುಕತೊಡಗಿದರು. ನಾನು ಊರಿಗೆ ಬಂದೆ.

ಮೂರನೆಯ ದಿನ ಮಧ್ಯಾಹ್ನ ಅಕ್ಕೋರ ಫೋನ್ ಬಂತು. ಅತ್ತಲಿಂದ ಅಪ್ಪ ಹಾಡುತ್ತಿದ್ದ. ಫೋನನ್ನು ಅವ್ವನ ಕಿವಿಗೆ ಹಿಡಿದೆ. ಅವಳು ಹಸನು ಮಾಡುತ್ತಿದ್ದ ಜೋಳದ ಮೊರ ಬದಿಗಿಟ್ಟು, ಗೋಡೆಗೆ ಒರಗಿ, ಪದ ಮುಗಿಯುವವರೆಗೂ ಕಣ್ಣು ತೆರೆಯಲಿಲ್ಲ.

ಯಂತ್ರ ಮರಳಿ ಕೊಡುವಾಗ ಅಕ್ಕೋರು ಎಲ್ಲ ಸರಿಮಾಡಿದ್ದರು. “ವಿಂಡೋಸ್ ಬಂದ್ ಆಗದ ಹಂಗ ಮಲಗಸೋ ಫಾಸ್ಟ್ ಸ್ಟಾರ್ಟಪ್ ತಗದೇನಿ. ಒಂದನ್ನ ಪೂರ್ತಿ ಬಂದ್ ಮಾಡಿನ ಇನ್ನೊಂದಕ್ಕ ಹೋಗು. ಎರಡಕ್ಕೂ ಬೇಕಾದ ಫೈಲಿಗೆ ಬ್ಯಾರೆ ಜಾಗಾ ಮಾಡೇನಿ. ಅಪ್ಪನ ಪದಾ ಮಾತ್ರ ಹೊರಗೂ ಒಂದು ಕಡೆ ಇಡೋ.”

ಹೋದ ವರ್ಷ ಸಣ್ಣದೊಂದು ಸಂದೇಹ ಕೇಳಲು ಹೋದರೆ ಕ್ಲಾಸಿಗೆ ಬೀಗ. ಪಕ್ಕದ ಸೇವು-ಖಾರದ ಅಂಗಡಿಯವರು, “ಅಕ್ಕೋರು ಹೋಗಿ ತಿಂಗಳಾತ್ರಿ, ಎದಿನೋವು” ಎಂದರು. ಎಲೆತೋಟದ ಗಾಳಿ ಬೀಸುತ್ತಲೇ ಇತ್ತು. ಯಾವ ಬಸ್ಸಿಗೆ ಮರಳಿದೆನೋ ನೆನಪಿಲ್ಲ.

ಅಪ್ಪನ ಪದಗಳು ಈಗ ಮೂರು ಕಡೆ ಜೋಪಾನವಾಗಿವೆ. ಅಕ್ಕೋರ ದನಿ ಎಲ್ಲೂ ಇಲ್ಲ. ಅದನ್ನೂ ಹಿಡಿದಿಡಬೇಕೆಂದು ಅವರಿದ್ದಾಗ ನನಗೆ ಹೊಳೆಯಲೇ ಇಲ್ಲ.