ಸುಗಂಧಿ ಸಹಿ ಹಾಕಲಿಲ್ಲ

"ಬೇಡ ಬಾಯಮ್ಮ," ಎಂದಳು ಸುಗಂಧಿ.

ಹನ್ನೊಂದು ವರ್ಷಗಳಲ್ಲಿ ಅವಳ ಬಾಯಿಂದ ಈ ಶಬ್ದ ಕೇಳಿದ್ದು ಅದೇ ಮೊದಲು. (ಊಟಕ್ಕೆ ಇನ್ನೊಂದು ತುಂಡು ಮೀನು ಹಾಕಿಕೋ ಎಂದಾಗ ಹೇಳುವ "ಬೇಡ" ಇದರಲ್ಲಿ ಸೇರಿಲ್ಲ. ಅದು ನಮಗೆ ಉಳಿಯಲಿ ಎಂದು ಹೇಳುವ ಬೇಡ.) ಇದು ನಿಜವಾದ ಬೇಡ. ನನ್ನ ಮುಖ ನೋಡಿ, ಮೆಲ್ಲಗೆ, ಎರಡನೇ ಸಲ ಯೋಚಿಸುವ ಲಕ್ಷಣವೇ ಇಲ್ಲದೆ ಹೇಳಿದ ಬೇಡ.

ಹಾಗೆ ಹೇಳಬಹುದು ಎಂದು ಅವಳಿಗೆ ಕಲಿಸಿಕೊಟ್ಟವಳು ನಾನೇ. ಎರಡು ನಿಮಿಷ ಮೊದಲು.

ಸುಗಂಧಿ ದುಬೈಯ ಕರಾಮದ ನಮ್ಮ ಫ್ಲ್ಯಾಟಿನಲ್ಲಿ ನಮ್ಮ ಜೊತೆಗೇ ಇದ್ದು ಮನೆ ನೋಡಿಕೊಳ್ಳುವವಳು. ಕಾರ್ಕಳದ ಹತ್ತಿರದವಳು, ಮನೆಮಾತು ತುಳು. ನಮ್ಮದು ಕೊಂಕಣಿ. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಕರೆಯುವ ಹಾಗೆ ಅವಳು ನನ್ನನ್ನು "ಬಾಯಮ್ಮ" ಎನ್ನುತ್ತಾಳೆ. ನಮ್ಮ ಮಗ ನೀಲ್ ಮೂರು ವರ್ಷದವನಿದ್ದಾಗ ಬಂದಳು. ಈಗ ಅವನಿಗೆ ಹದಿನಾಲ್ಕು.

ಇನ್ನು ನಾನು. ದುಬೈಯ ಒಂದು ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗದಲ್ಲಿ ಕೆಲಸ. ನಲವತ್ತೊಂಬತ್ತನೇ ವಯಸ್ಸಿನಲ್ಲಿ ನನಗೊಂದು ಹುಚ್ಚು ಹಿಡಿಯಿತು. ಅಬುಧಾಬಿಯ ಒಂದು ವಿಶ್ವವಿದ್ಯಾಲಯದಲ್ಲಿ ಡಿಪ್ಲೊಮಾಗೆ ಸೇರಿಕೊಂಡೆ. ವಿಷಯ: ನೀತಿಶಾಸ್ತ್ರ, ಧರ್ಮ ಮತ್ತು ತತ್ವಶಾಸ್ತ್ರ. ತರಗತಿ ಪ್ರತಿ ಶನಿವಾರ.

"ಪಾಸಾದರೆ ಎಂತ ಆಗ್ತೀ? ಇಲ್ಲಿ ಫಿಲಾಸಫರ್ ಅಂತ ವೀಸಾ ಕೊಡ್ತಾರಾ?" ಎಂದ ನನ್ನ ಗಂಡ ವಿಲ್ಲಿ. (ಕೊಂಕಣಿಯಲ್ಲಿ ಇದು ಇನ್ನೂ ಖಾರವಾಗಿತ್ತು.)

ಆದರೂ ಹೋದೆ. ಶನಿವಾರ ಬೆಳಿಗ್ಗೆ ಆರಕ್ಕೇ ಕಾರ್ ಲಿಫ್ಟಿನವನು (ತಿಂಗಳ ಲೆಕ್ಕದಲ್ಲಿ ಹಣ ತೆಗೆದುಕೊಂಡು ನಾಲ್ಕೈದು ಜನರನ್ನು ಒಟ್ಟಿಗೆ ಕರೆದೊಯ್ಯುವವನು) ಬಂದು ಹಾರ್ನ್ ಹಾಕುತ್ತಿದ್ದ. ನನ್ನ ಬ್ಯಾಗಿನಲ್ಲಿ ಸುಗಂಧಿ ಕಟ್ಟಿಕೊಟ್ಟ ಇಡ್ಲಿ ಚಟ್ನಿ. ತರಗತಿಯಲ್ಲಿ ಹೆಚ್ಚಿನವರು ನನ್ನ ಮಗನಿಗಿಂತ ನಾಲ್ಕೈದು ವರ್ಷ ದೊಡ್ಡವರು ಅಷ್ಟೆ. ನಾನು ಮುಂದಿನ ಬೆಂಚಿನಲ್ಲಿ ಕೂತು ಎಲ್ಲದಕ್ಕೂ ಕೈ ಎತ್ತುತ್ತಿದ್ದೆ. ಮನುಷ್ಯನ ಘನತೆ, ಸ್ವಾತಂತ್ರ್ಯ, ಹೊಣೆ. ಮನೆಗೆ ಬಂದು ಅದನ್ನೆಲ್ಲ ಊಟದ ಮೇಜಿನಲ್ಲಿ ಬಡಿಸುತ್ತಿದ್ದೆ. "ಮಾಮ್, ಇಟ್ಸ್ ಜಸ್ಟ್ ಡಿನ್ನರ್," ಎನ್ನುತ್ತಿದ್ದ ನೀಲ್.

ಹೋದ ಸೆಮಿಸ್ಟರಿನಲ್ಲಿ "ಚಲನೆಯ ಸ್ವಾತಂತ್ರ್ಯ" ಎಂಬ ಪ್ರಬಂಧ ಬರೆದೆ. ತುಂಬ ಒಳ್ಳೆಯ ಮಾರ್ಕು ಬಂತು.

ಈ ಸಲದ ಅಸೈನ್‌ಮೆಂಟ್ ಒಂದು ಸಂದರ್ಶನ. ನಿಮ್ಮ ಬದುಕಿಗಿಂತ ಬೇರೆ ರೀತಿಯ ಬದುಕು ಬಾಳುವ ಒಬ್ಬರನ್ನು ಕೂರಿಸಿ, ಸರಿ ತಪ್ಪುಗಳನ್ನು ಅವರು ಹೇಗೆ ನಿರ್ಧರಿಸುತ್ತಾರೆ ಎಂದು ಕೇಳಬೇಕು. ಬೇರೆಯವರು ಊರೆಲ್ಲ ಹುಡುಕುತ್ತಿದ್ದರು. ನನಗೇನು ಕಷ್ಟ? ಅಡುಗೆಮನೆಯಲ್ಲೇ ಒಬ್ಬಳಿದ್ದಾಳಲ್ಲ.

ಒಂದೇ ಷರತ್ತು. ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಬೇಕು. ಅದು ಅವರ ಭಾಷೆಯಲ್ಲೇ ಇರಬೇಕು. ನಾನು ಒಂದು ಸಂಜೆಯಿಡೀ ಕೂತು ಅದನ್ನು ಕನ್ನಡಕ್ಕೆ ತಂದೆ. ಚೆನ್ನಾಗಿಯೇ ಬಂದಿತ್ತು. ಅದರ ಜೊತೆಗೆ ಆರು ಪ್ರಶ್ನೆಗಳ ಪಟ್ಟಿ. ಎರಡನ್ನೂ ಸುಗಂಧಿಯ ಕೈಗೆ ಕೊಟ್ಟು, ಮೇಜಿನ ಎದುರು ಕೂರಿಸಿದೆ. ದಿನಾ ತಾನು ಒರೆಸುವ ಆ ಕುರ್ಚಿಯ ತುದಿಯಲ್ಲಿ ಕೂತು ಅವಳು ಎಲ್ಲವನ್ನೂ ತುಟಿ ಅಲ್ಲಾಡಿಸುತ್ತಾ ಓದಿದಳು.

"ಇಷ್ಟ ಇಲ್ಲದಿದ್ರೆ ಬೇಡ ಅನ್ಬಹುದು ಅಂತ ಉಂಟಾ ಇದರಲ್ಲಿ?"

"ಉಂಟು."

"ಯಾಕೆ ಅಂತ ಕಾರಣ ಹೇಳುದೂ ಬೇಡವಾ?"

"ಬೇಡ."

"ನೀವು ಬೇಜಾರು ಮಾಡಿಕೊಳ್ಳುವ ಹಾಗೆ ಇಲ್ಲ?"

"ಇಲ್ಲ ಮಾರಾಯ್ತಿ," ಎಂದೆ, ಪೆನ್ನು ಮುಂದೆ ಚಾಚುತ್ತಾ.

"ಹಾಗಾದ್ರೆ ಬೇಡ ಬಾಯಮ್ಮ."

ಎದ್ದಳು. ಕುರ್ಚಿಯನ್ನು ಒಳಗೆ ತಳ್ಳಿದಳು. ತೆಂಗಿನಕಾಯಿ ತುರಿಯಲು ಹೋದಳು.

ನನಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು. "ಯಾಕೆ ಸುಗಂಧಿ?" ಎಂದು ಕೂಗಿದೆ. ಸೋಫಾದ ಮೇಲೆ ಮೊಬೈಲು ಹಿಡಿದು ಬಿದ್ದುಕೊಂಡಿದ್ದ ನೀಲ್ ತಲೆ ಎತ್ತಲೂ ಇಲ್ಲ. "ಮಾಮ್, ಯೂ ಕಾಂಟ್ ಆಸ್ಕ್ ದಟ್. ಯೂ ಜಸ್ಟ್ ಸೆಡ್ ಸೋ."

ಆ ವಾರ ನಾನು ಹೇಗಿದ್ದೆ ಎಂದು ನೀವು ನೋಡಬೇಕಿತ್ತು. ತೆಂಗಿನಕಾಯಿ ನಾನೇ ತುರಿಯುತ್ತೇನೆ ಎಂದೆ. ಅವಳಿಗೆ ಇಷ್ಟದ ಹಲ್ವ ತಂದೆ. (ಆಮಿಷ ಒಡ್ಡಬಾರದು ಎಂದು ಫಾರ್ಮಿನ ಐದನೇ ಸಾಲಿನಲ್ಲಿದೆ. ಹಲ್ವ ಆಮಿಷವೇ? ತಾತ್ವಿಕ ಪ್ರಶ್ನೆ.) ಸುಗಂಧಿ ಹಲ್ವ ತಿಂದಳು, ಒಳ್ಳೆದುಂಟು ಎಂದಳು, ಪಾತ್ರೆ ತೊಳೆಯಲು ಹೋದಳು.

"ನೀನೇ ಬರೆದು ಹಾಕು. ಯಾರು ನೋಡ್ಲಿಕ್ಕೆ ಬರ್ತಾರೆ?" ಎಂದ ವಿಲ್ಲಿ.

ಛೆ, ನೀತಿಶಾಸ್ತ್ರದ ವಿದ್ಯಾರ್ಥಿನಿ ಹಾಗೆ ಮಾಡುವುದುಂಟೇ? ಉಂಟು. ಅರ್ಧ ಗಂಟೆ ಕೂತು ಸುಗಂಧಿಯ ಉತ್ತರಗಳನ್ನು ನಾನೇ ಟೈಪ್ ಮಾಡಿದೆ. ನನ್ನ ಲ್ಯಾಪ್‌ಟಾಪಿನ ಸುಗಂಧಿ ಬಹಳ ಸೊಗಸಾಗಿ ಮಾತಾಡಿದಳು. "ಬಾಯಮ್ಮ ನನ್ನನ್ನು ಸ್ವಂತ ತಂಗಿಯ ಹಾಗೆ ನೋಡಿಕೊಳ್ಳುತ್ತಾರೆ," ಎಂದಳು. ಆ ಸಾಲನ್ನು ಎರಡು ಸಲ ಓದಿದೆ. ಎಲ್ಲ ಅಳಿಸಿದೆ.

ಶನಿವಾರ ಬರಿಗೈಯಲ್ಲಿ ಹೋದೆ. ನಮಗೆ ಪಾಠ ಮಾಡುವ ಡಾ. ಸಾಮಿಯಾ ಸುಡಾನಿನವರು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು, ದನಿ ಏರಿಸಿ ಮಾತಾಡಿದ್ದನ್ನು ನಾನು ಕಂಡಿಲ್ಲ. ತಲೆ ತಗ್ಗಿಸಿ ವಿಷಯ ತಿಳಿಸಿದೆ. ಬೇರೆ ಯಾರನ್ನಾದರೂ ಹುಡುಕಿ ಎನ್ನುತ್ತಾರೆ ಎಂದುಕೊಂಡಿದ್ದೆ.

ಅವರು ನಕ್ಕರು. "ಅಭಿನಂದನೆ. ಇಡೀ ತರಗತಿಯಲ್ಲಿ ಕೆಲಸ ಮಾಡಿದ್ದು ನಿಮ್ಮ ಫಾರ್ಮ್ ಒಂದೇ. ಉಳಿದವರಿಗೆಲ್ಲ ಹೌದು ಎಂಬ ಉತ್ತರ ಸಿಕ್ಕಿದೆ. ಅವರಿಗೆ ಬೇಡ ಎನ್ನಲು ಸಾಧ್ಯವಿತ್ತೇ ಎಂದು ನನಗೆ ಗೊತ್ತಿಲ್ಲ. ನಿಮ್ಮವರಿಗೆ ಸಾಧ್ಯವಾಯಿತು. ಅದರ ಬಗ್ಗೆಯೇ ಬರೆಯಿರಿ."

ಹಿಗ್ಗಿಹೋದೆ. ತರಗತಿ ಮುಗಿದ ಮೇಲೆ ಕಾರ್ ಲಿಫ್ಟಿನವನನ್ನು ಪುಸಲಾಯಿಸಿ ಅಲ್ ಮೀನಾದ ಮೀನು ಮಾರ್ಕೆಟ್ಟಿನಲ್ಲಿ ನಿಲ್ಲಿಸಿದೆ. ಒಳ್ಳೆಯ ಅಂಜಲ್ ಕೊಂಡು ಐಸು ತುಂಬಿಸಿಕೊಂಡೆ. ದುಬೈ ತಲಪುವುದರೊಳಗೆ ಪ್ರಬಂಧದ ಹೆಸರು ಕೂಡ ಹೊಳೆಯಿತು: "ನಿರಾಕರಣೆಯ ಘನತೆ." ನಮ್ಮ ಮನೆಯಲ್ಲಿ ಕೆಲಸದವಳೂ ಬೇಡ ಎನ್ನಬಲ್ಲಳು! ಎಂಥ ಮನೆ ನಮ್ಮದು! ಎಂಥ ಬಾಯಮ್ಮ!

ಮರುದಿನ ಭಾನುವಾರ. ಊದ್ ಮೇಥಾದ ಚರ್ಚಿಗೆ ಹೋಗಿ ಬಂದು, ಅಂಜಲ್ ಸಾರು ಉಂಡು, ವಿಲ್ಲಿ ಮಲಗಿದ್ದ. ನಾನು ಬೆಡ್‌ರೂಮಿನ ಮೂಲೆಯ ಮೇಜಿನಲ್ಲಿ ಪ್ರಬಂಧ ಶುರುಮಾಡಿದ್ದೆ. ಸುಗಂಧಿ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ನಾಲ್ಕಾಗಿ ಮಡಚಿದ ಕಾಗದ. ಅದೇ ಒಪ್ಪಿಗೆ ಪತ್ರ.

"ಬಾಯಮ್ಮ, ಇದರಲ್ಲಿ ಬರೆದಿದ್ದೀರಲ್ಲ. ಯಾವಾಗ ಬೇಕಾದ್ರೂ ಬಿಟ್ಟು ಹೋಗಬಹುದು, ಅದರಿಂದ ಏನೂ ತೊಂದರೆ ಆಗುದಿಲ್ಲ ಅಂತ. ಇದು ಕಾಲೇಜಿಗೆ ಮಾತ್ರವಾ, ಮನೆಗೂ ಉಂಟಾ?"

ನನಗೆ ಅರ್ಥವಾಯಿತು. ಅರ್ಥವಾಗದವಳ ಹಾಗೆ ಕೂತೆ.

"ನನಗೆ ಊರಿಗೆ ಹೋಗ್ಬೇಕು. ವೀಸಾ ಕ್ಯಾನ್ಸಲ್ ಮಾಡಿ. ಅಕ್ಕ ಕಾಲೇಜಿನ ಹತ್ತಿರ ಕ್ಯಾಂಟೀನ್ ಇಟ್ಟಿದ್ದಾಳೆ, ಒಬ್ಬಳಿಗೆ ಆಗುದಿಲ್ಲ. ನಾಲ್ಕು ವರ್ಷದಿಂದ ಕರೀತಾ ಇದ್ದಾಳೆ. ನನಗೂ ನನ್ನದು ಅಂತ ಒಂದು ಬೇಕು ಬಾಯಮ್ಮ."

ಇದು ನನಗೆ ಹೊಸ ಸುದ್ದಿಯಲ್ಲ. ಮೊದಲೂ ಎರಡು ಸಲ ಅವಳು ಈ ಮಾತು ತೆಗೆದದ್ದುಂಟು. ಒಮ್ಮೆ ನನ್ನ ಅತ್ತೆ ಬಂದು ಉಳಿದಿದ್ದರು, "ನೋಡುವ" ಎಂದಿದ್ದೆ. ಇನ್ನೊಮ್ಮೆ, ನಾನು ವಿಶ್ವವಿದ್ಯಾಲಯಕ್ಕೆ ಸೇರಿದ ವಾರ. ಇನ್ನು ಶನಿವಾರ ಇಡೀ ಮನೆ ನೀನೇ ನೋಡಿಕೊಳ್ಳಬೇಕು ಎಂದು ಹೇಳಿ, "ಅದು ಆಮೇಲೆ ನೋಡುವ" ಎಂದಿದ್ದೆ. ಕರಾವಳಿಯವರಿಗೆ ವಿವರಿಸಬೇಕಿಲ್ಲ. ನಮ್ಮಲ್ಲಿ "ನೋಡುವ" ಎಂದರೆ ಇನ್ನು ಆ ವಿಷಯವನ್ನು ಯಾರೂ ನೋಡುವುದಿಲ್ಲ ಎಂದು ಅರ್ಥ.

ಈಗಲೂ ಅದೇ ಬಾಯಿಗೆ ಬಂತು. "ನೋಡುವ ಸುಗಂಧಿ..."

"ನೋಡುವ ಬೇಡ. ನನ್ನ ಪಾಸ್‌ಪೋರ್ಟ್ ಕೊಡಿ."

ಅವಳ ಪಾಸ್‌ಪೋರ್ಟ್ ನನ್ನ ಬೀರುವಿನಲ್ಲಿತ್ತು. ನಮ್ಮ ಮೂವರ ಪಾಸ್‌ಪೋರ್ಟುಗಳ ಜೊತೆ, ಒಂದೇ ರಬ್ಬರ್ ಬ್ಯಾಂಡಿನಲ್ಲಿ. ಎರಡು ವರ್ಷಕ್ಕೊಮ್ಮೆ ಅವಳು ರಜೆಗೆ ಹೋಗುವಾಗ ಏರ್‌ಪೋರ್ಟಿನಲ್ಲಿ ಕೈಗೆ ಕೊಡುವುದು, ಬಂದ ದಿನವೇ ವಾಪಸು ತೆಗೆದುಕೊಂಡು ಬೀಗ ಹಾಕುವುದು. ಹಾಗೆ ಇಟ್ಟುಕೊಳ್ಳುವಂತಿಲ್ಲ ಎಂದು ಕಾನೂನು ಹೇಳುತ್ತದೆ. ನನಗೂ ಗೊತ್ತು, ನನ್ನ ಸ್ನೇಹಿತೆಯರಿಗೂ ಗೊತ್ತು. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಸೇಫ್ಟಿಗೆ." ಯಾರ ಸೇಫ್ಟಿ? ಯಾರಿಂದ? "ಚಲನೆಯ ಸ್ವಾತಂತ್ರ್ಯ" ಬರೆದ ನನ್ನ ಕುರ್ಚಿಗೂ ಆ ಬೀರುವಿಗೂ ಎರಡು ಅಡಿ ದೂರ. ಬರೆಯುವಾಗ ಒಂದು ಸಲವೂ ಹಿಂದೆ ತಿರುಗಿ ನೋಡಬೇಕು ಎನಿಸಿರಲಿಲ್ಲ.

ಮಾತು ಕೇಳಿ ವಿಲ್ಲಿ ಎದ್ದ. ಕೊಂಕಣಿಯಲ್ಲಿ, ಅವಳಿಗೆ ಅರ್ಥವಾಗುವುದಿಲ್ಲ ಎಂಬ ಧೈರ್ಯದಲ್ಲಿ, "ಈಗ ಕೊಡಬೇಡ, ನೀಲ್‌ನ ಪರೀಕ್ಷೆ ಮುಗೀಲಿ," ಎಂದ. (ಹನ್ನೊಂದು ವರ್ಷ ಒಂದು ಮನೆಯಲ್ಲಿದ್ದವಳಿಗೆ ಆ ಮನೆಯ ಭಾಷೆ ಬಾರದೇ ಇರುತ್ತದೆಯೇ?) ನನಗೂ ಅದೇ ಸರಿ ಎನಿಸಿತು. ಸುಳ್ಳು ಹೇಳುವುದಿಲ್ಲ, ಒಂದು ಗಂಟೆ ಹೊತ್ತು ನನಗೆ ಅದೇ ಸರಿ ಎನಿಸಿತು.

ಸುಗಂಧಿ ಜಗಳವಾಡಲಿಲ್ಲ. ಹಾಲಿಗೆ ಹೋಗಿ ಊಟದ ಮೇಜಿನ ಕುರ್ಚಿ ಎಳೆದು ಕೂತಳು. ಈ ಸಲ ತುದಿಯಲ್ಲಿ ಅಲ್ಲ, ಬೆನ್ನು ಒರಗಿಸಿ. ನಾಲ್ಕು ಗಂಟೆಯಾಯಿತು. ಚಾ ಬರಲಿಲ್ಲ. ನಾಲ್ಕೂವರೆಯಾಯಿತು. ಅವಳು ಕಿಟಕಿಯಾಚೆ ನೋಡುತ್ತಾ ಕೂತೇ ಇದ್ದಳು. ನೀಲ್ ರೂಮಿನಿಂದ ಹೊರಗೆ ಬಂದು, ಅವಳನ್ನು ನೋಡಿ, ನಮ್ಮನ್ನು ನೋಡಿ, ಹೋಗಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತ.

ನನ್ನ ನೈತಿಕ ಪ್ರಜ್ಞೆ ಜಾಗೃತವಾಯಿತು ಎಂದು ಬರೆಯುವ ಆಸೆ ನನಗೂ ಇದೆ. ಆದದ್ದು ಬೇರೆ. ಆ ಇಬ್ಬರ ಬೆನ್ನನ್ನು ನೋಡುತ್ತಾ ನಿಲ್ಲಲು ಆಗಲಿಲ್ಲ, ಅಷ್ಟೆ. ಬೀರು ತೆಗೆದೆ. ರಬ್ಬರ್ ಬ್ಯಾಂಡ್ ಬಿಚ್ಚಿದೆ.

ಸುಗಂಧಿ ಪಾಸ್‌ಪೋರ್ಟಿನ ಪುಟಗಳನ್ನು ನಿಧಾನವಾಗಿ ತಿರುವಿ ನೋಡಿದಳು. ಸ್ಟೋರ್ ರೂಮಿಗೆ ಹೋಗಿ (ಅವಳು ಮಲಗುವುದು ಅಲ್ಲೇ) ತನ್ನ ಚೀಲದಲ್ಲಿ ಇಟ್ಟು ಬಂದಳು. "ಚಾ ಇಡ್ತೇನೆ," ಎಂದಳು.

ನಾನೂ ಹಿಂದೆಯೇ ಅಡುಗೆಮನೆಗೆ ಹೋದೆ. "ರಜೆಗೆ ಹೋದಾಗ ನೀನು ಅಲ್ಲೇ ಉಳಿಯಬಹುದಿತ್ತಲ್ಲ?"

"ಹೇಳದೆ ನಿಲ್ಲುದಾ?" ಅವಳಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಬರ್ತೇನೆ ಅಂತ ಹೇಳಿ ಹೋದದ್ದಲ್ವಾ."

"ಆ ಇಂಟರ್‌ವ್ಯೂ ಯಾಕೆ ಬೇಡ ಅಂದಿ? ಈಗ ಕೇಳಬಹುದಾ?"

"ನಿಮ್ಮ ನಾಲ್ಕನೇ ಪ್ರಶ್ನೆ. ಹತ್ತಿರದವರಿಗೆ ಹೇಳಬೇಕಾದ ಮಾತು ಹೇಳದೆ ಇಟ್ಟುಕೊಂಡದ್ದು ಉಂಟಾ ಅಂತ. ಉಂಟು ಅಂದ್ರೆ ಎಂತದು ಅಂತ ಕೇಳ್ತೀರಿ. ಇಲ್ಲ ಅಂದ್ರೆ ಸುಳ್ಳಾಗ್ತದೆ. ಕಾಲೇಜಿನ ಪೇಪರಿನಲ್ಲಿ ಸುಳ್ಳು ಬರೆಸ್ಲಿಕ್ಕೆ ಆಗ್ತದಾ ಬಾಯಮ್ಮ? ನಿಮ್ಮ ಮಾರ್ಕಿಗೆ ತೊಂದರೆ ಆಗುದಿಲ್ವಾ?"

ಚಾ ಕುದಿದು ಉಕ್ಕಿತು. ನಾನು ಒಲೆ ಒರೆಸಿದೆ.

ಅವಳು ತಕ್ಷಣ ಹೊರಡಲಿಲ್ಲ. "ಬಾಬುವಿನ ಪರೀಕ್ಷೆ ಮುಗಿಯುವವರೆಗೆ ಇರ್ತೇನೆ. ಇದು ನಾನು ಹೇಳಿದ್ದು, ಪರ್ಬುಗಳು ಹೇಳಿದ್ದಕ್ಕಲ್ಲ," ಎಂದಳು. ಪರ್ಬುಗಳು ಎಂದರೆ ವಿಲ್ಲಿ. ಅಂದರೆ ಕೊಂಕಣಿ ಪೂರ್ತಿ ಅರ್ಥವಾಗಿತ್ತು. ಆರು ವಾರ ಇದ್ದಳು. ಆ ಆರು ವಾರ ನನಗೆ ಮೀನಿನ ಮಸಾಲೆ ಅರೆಯುವುದನ್ನು, ವಿಲ್ಲಿಗೆ ವಾಷಿಂಗ್ ಮೆಷಿನ್ ಹಾಕುವುದನ್ನು ಕಲಿಸಿದಳು. ವಿಲ್ಲಿ ಫೇಲಾದ.

ಏರ್‌ಪೋರ್ಟಿಗೆ ಮೂವರೂ ಹೋಗಿದ್ದೆವು. ನಾವು ಯಾವ ಭಾಷೆಯಲ್ಲಿ ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸುವ ನಮ್ಮ ನೀಲ್ ಅವಳ ಕೈ ಹಿಡಿದು "ಪೋವೊಡ್ಚಿ" ಎಂದ. ತುಳುವಿನಲ್ಲಿ ಹೋಗಬೇಡ ಎಂದು. ಮಗನಿಗೆ ತುಳು ಬರುತ್ತದೆ ಎಂದು ನನಗೆ ಅಂದು ಗೊತ್ತಾಯಿತು. ಸುಗಂಧಿಯೂ ಅತ್ತಳು. ಆದರೆ ಹೋದಳು.

ಕಳೆದ ವಾರ ಅವಳ ವಾಯ್ಸ್ ಮೆಸೇಜ್ ಬಂತು. ಹಿಂದೆ ಪಾತ್ರೆಗಳ ಸದ್ದು, ಯಾರೋ ಹುಡುಗರ ಗಲಾಟೆ. "ಬಾಯಮ್ಮ, ನಿನ್ನೆ ಹನ್ನೊಂದು ಗಂಟೆಗೇ ನೀರುದೋಸೆ ಖಲಾಸ್!" ನಗುತ್ತಿದ್ದಳು. ಅವಳು ಅಷ್ಟು ಜೋರಾಗಿ ನಗುತ್ತಾಳೆ ಎಂಬುದೂ ನನಗೆ ಗೊತ್ತಿರಲಿಲ್ಲ.

ಅಂದ ಹಾಗೆ, "ನಿರಾಕರಣೆಯ ಘನತೆ"ಗೆ ತರಗತಿಯಲ್ಲೇ ಅತಿ ಹೆಚ್ಚು ಮಾರ್ಕು ಬಂತು. ಪಾಸ್‌ಪೋರ್ಟಿನ ವಿಷಯ ನಾನು ಅದರಲ್ಲಿ ಬರೆದಿರಲಿಲ್ಲ.

ಈಗ ಮೂರು ಶನಿವಾರಗಳಿಂದ ನಾನು ತರಗತಿಗೆ ಹೋಗಿಲ್ಲ. ಬಟ್ಟೆ ಒಗೆಯಬೇಕು, ವಾರದ ಅಡುಗೆಗೆ ತಯಾರಿ ಮಾಡಿಡಬೇಕು, ನೀಲ್‌ನನ್ನು ಟ್ಯೂಷನ್ನಿಗೆ ಬಿಡಬೇಕು. ಕಾರ್ ಲಿಫ್ಟಿನವನು ಹಾರ್ನ್ ಹಾಕುವುದನ್ನೇ ನಿಲ್ಲಿಸಿದ್ದಾನೆ. ಹುಷಾರಾಗಿದ್ದೀರಾ, ಮುಂದಿನ ಬೆಂಚು ಖಾಲಿ ಇದೆ ಎಂದು ಡಾ. ಸಾಮಿಯಾ ಮೇಲ್ ಬರೆದಿದ್ದಾರೆ.

ಅಷ್ಟಕ್ಕೂ ಆ ಬೆಂಚಿನಲ್ಲಿ ನನಗೆ ಸೀಟು ಕೊಟ್ಟದ್ದು ವಿಶ್ವವಿದ್ಯಾಲಯವೋ, ಸುಗಂಧಿಯೋ?